ಇಲ್ಲದ ಹೂವು ಎಂದು ಬರೆದಿಟ್ಟ ಡೀನ್

ಮೊದಲ ಮಳೆ ಬಿದ್ದ ವಾರ ಅಜ್ಜಿಯ ಮನೆಯ ಅಂಗಳದಲ್ಲಿ ದಪ್ಪ ದಂಟೊಂದು ಮೇಲೆದ್ದು, ಅದರ ತುದಿಯಲ್ಲಿ ತುತ್ತೂರಿಯಂಥ ಕೆಂಪು ಹೂಗಳು ಅರಳುತ್ತವೆ. ಅಜ್ಜಿಗೆ ಅದು ಬರೀ ಲಿಲ್ಲಿ. ನರ್ಸರಿಯವರು ಅಮರಿಲ್ಲಿಸ್ ಅನ್ನುತ್ತಾರೆ. ಸಸ್ಯಶಾಸ್ತ್ರದ ಪುಸ್ತಕ ತೆರೆದರೆ ಹಿಪ್ಪಿಯಾಸ್ಟ್ರಮ್ ಎಂದಿದೆ. ಪದವಿಯಲ್ಲಿ ಸಸ್ಯಶಾಸ್ತ್ರ ಓದುತ್ತಿರುವ ನನಗೆ ಈ ಮೂರನೇ ಹೆಸರು ಇಟ್ಟವರು ಯಾರೆಂದು ತಿಳಿಯುವ ಹಟ ಬಂತು. ಹುಡುಕಿದಾಗ ಸಿಕ್ಕವರು ಪ್ರೊಫೆಸರ್ ಅಲ್ಲ, ಒಬ್ಬ ಪಾದ್ರಿ. ಹೆಸರು ವಿಲಿಯಂ ಹರ್ಬರ್ಟ್.

ಹರ್ಬರ್ಟ್ ಹುಟ್ಟಿದ್ದು 1778ರಲ್ಲಿ, ಇಂಗ್ಲೆಂಡಿನ ಹೈಕ್ಲೇರ್ ಕೋಟೆಮನೆಯಲ್ಲಿ. ತಂದೆ ಕಾರ್ನಾರ್ವನ್‌ನ ಮೊದಲ ಅರ್ಲ್. ಹಿರಿಯ ಮಗನಲ್ಲದ್ದರಿಂದ ಪದವಿ, ಆಸ್ತಿ ಅವರ ಪಾಲಿಗೆ ಬರುವಂತಿರಲಿಲ್ಲ. ಈಟನ್ ಶಾಲೆ, ಆಕ್ಸ್‌ಫರ್ಡ್ ಮುಗಿಸಿ ಅವರು ಏನೇನೋ ಮಾಡಿದರು. ಐಸ್‌ಲ್ಯಾಂಡಿನ ಹಳೆಯ ಕಾವ್ಯಗಳನ್ನು ಅನುವಾದಿಸಿದರು, ವಕೀಲಿ ಮಾಡಿದರು, ಎರಡು ಸಲ ಪಾರ್ಲಿಮೆಂಟಿಗೆ ಹೋದರು. ಯಾವುದೂ ಹಿಡಿಸಲಿಲ್ಲವೇನೋ, 1814ರಲ್ಲಿ ಪಾದ್ರಿಯಾಗಿ ಯಾರ್ಕ್‌ಷೈರಿನ ಸ್ಪಾಫರ್ತ್ ಎಂಬ ಹಳ್ಳಿಗೆ ಬಂದರು. ಅಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಮೂವತ್ತಾರನೇ ವಯಸ್ಸಿನಲ್ಲಿ ದಾರಿ ಬದಲಿಸಿದರು ಎನ್ನುವುದು, ಪದವಿ ಮುಗಿಯುವ ಮೊದಲೇ ಮುಂದೇನು ಎಂದು ಎಲ್ಲರಿಂದ ಕೇಳಿಸಿಕೊಳ್ಳುವ ನನ್ನಂಥವರಿಗೆ ಸ್ವಲ್ಪ ಸಮಾಧಾನದ ವಿಷಯ.

ಆ ಕಾಲದಲ್ಲಿ ದಕ್ಷಿಣ ಆಫ್ರಿಕಾ, ಬ್ರೆಜಿಲ್ ಕಡೆಯಿಂದ ಹಡಗುಗಳಲ್ಲಿ ಹೂಗೆಡ್ಡೆಗಳು ಇಂಗ್ಲೆಂಡಿಗೆ ಬರುತ್ತಿದ್ದವು. ಲಿನ್ನೇಯಸ್ ಇಟ್ಟುಹೋಗಿದ್ದ ಅಮರಿಲ್ಲಿಸ್ ಎಂಬ ಒಂದೇ ಕುಲದೊಳಗೆ ಅವನ್ನೆಲ್ಲ ತುರುಕಲಾಗಿತ್ತು. ಹರ್ಬರ್ಟ್ 1821ರಲ್ಲಿ ಈ ಗಂಟನ್ನು ಬಿಚ್ಚಿದರು. ಆಫ್ರಿಕಾದ ಬೆಲಡೋನಾ ಅಮರಿಲ್ಲಿಸ್ ಆಗಿಯೇ ಉಳಿಯಿತು. ದಕ್ಷಿಣ ಅಮೆರಿಕದ ಬಂಧುಗಳಿಗೆ ಹಿಪ್ಪಿಯಾಸ್ಟ್ರಮ್ ಎಂಬ ಹೊಸ ಹೆಸರು ಬಂತು. ಗ್ರೀಕಿನಲ್ಲಿ ಅದಕ್ಕೆ ಕುದುರೆ ಸವಾರನ ನಕ್ಷತ್ರ ಎಂಬ ಅರ್ಥವಿದೆ. ಅಜ್ಜಿಯ ಲಿಲ್ಲಿಯ ದಂಟನ್ನು ಕೊಯ್ದು ನೋಡಿದೆ, ಒಳಗೆ ಟೊಳ್ಳು. ನಿಜವಾದ ಅಮರಿಲ್ಲಿಸ್‌ನ ದಂಟು ಗಟ್ಟಿ. ಅಂದರೆ ನರ್ಸರಿಯವರು ಇನ್ನೂ ಲಿನ್ನೇಯಸ್ ಕಾಲದಲ್ಲೇ ಇದ್ದಾರೆ! ಅವರನ್ನು ದೂರುವಂತೆಯೂ ಇಲ್ಲ. ಯಾವ ಗಿಡಕ್ಕೆ ಯಾವ ಹೆಸರು ಎಂಬ ಜಗಳ ವಿಜ್ಞಾನಿಗಳ ನಡುವೆಯೇ 1987ರವರೆಗೆ ನಡೆದು, ಕೊನೆಗೆ ಹರ್ಬರ್ಟ್ ಹೇಳಿದಂತೆಯೇ ತೀರ್ಮಾನವಾಯಿತು.

ಒಣಗಿಸಿದ ಎಲೆ ನೋಡಿ ಹೆಸರಿಡುವುದು ಹರ್ಬರ್ಟರ ದಾರಿಯಾಗಿರಲಿಲ್ಲ. ಗಿಡಗಳನ್ನು ಬೆಳೆಸಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಹಚ್ಚಿ, ಬೀಜ ಕಟ್ಟುತ್ತದೆಯೇ ಎಂದು ಕಾಯುತ್ತಿದ್ದರು. ಒಮ್ಮೆ ಒಂದು ಹಿಪ್ಪಿಯಾಸ್ಟ್ರಮ್ ಗಿಡದಲ್ಲಿ ನಾಲ್ಕು ಹೂ ಅರಳಿದವು. ಮೂರಕ್ಕೆ ಅದರದೇ ಪರಾಗ ಹಚ್ಚಿದರು, ನಾಲ್ಕನೆಯದಕ್ಕೆ ಮೂರು ಪ್ರಭೇದಗಳ ರಕ್ತ ಬೆರೆತ ಮಿಶ್ರತಳಿಯೊಂದರ ಪರಾಗ. ಕೆಲವೇ ದಿನಗಳಲ್ಲಿ ಮೊದಲ ಮೂರು ಕಾಯಿಗಳು ಬೆಳೆಯದೆ ಬಾಡಿಹೋದವು. ನಾಲ್ಕನೆಯದು ಬಲಿತು ಒಳ್ಳೆಯ ಬೀಜ ಕೊಟ್ಟಿತು. ಮಿಶ್ರತಳಿಗಳು ಬಂಜೆ, ಪ್ರಭೇದಗಳ ನಡುವೆ ದೇವರೇ ಗೋಡೆ ಕಟ್ಟಿದ್ದಾನೆ ಎಂದು ನಂಬಿದ್ದ ಕಾಲ ಅದು. ಪ್ರಭೇದ ಎಂದರೆ ಹೆಚ್ಚು ಸ್ಥಿರವಾದ ಒಂದು ತಳಿ, ಅಷ್ಟೇ ಎಂದು ಹರ್ಬರ್ಟ್ 1822ರಲ್ಲೇ ಬರೆದರು. ಚರ್ಚಿನಲ್ಲಿ ನಿಂತು ಉಪದೇಶ ಮಾಡುವವರು ಹೀಗೆ ಬರೆಯುವುದು ಸಣ್ಣ ಮಾತಲ್ಲ. ಹಾಗೆಂದು ಅವರು ನಂಬಿಕೆ ಬಿಟ್ಟವರಲ್ಲ. ಪ್ರತಿ ಕುಲಕ್ಕೂ ಒಂದೊಂದು ಮೂಲ ಗಿಡವನ್ನು ದೇವರು ಸೃಷ್ಟಿಸಿದ, ಉಳಿದವು ಬೆರಕೆಯಿಂದಲೂ ಬದಲಾವಣೆಯಿಂದಲೂ ಬಂದವು ಎಂಬುದು ಅವರ ವಾದ.

1837ರಲ್ಲಿ ಅವರ ದೊಡ್ಡ ಪುಸ್ತಕ ಅಮರಿಲ್ಲಿಡೇಸಿಯೇ ಹೊರಬಂತು. ಚಿತ್ರಗಳನ್ನೂ ಅವರೇ ಬರೆದರು. ಅದನ್ನು ಗಮನವಿಟ್ಟು ಓದಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. ಮೊದಲು ಪ್ರಶ್ನೆಗಳ ಪಟ್ಟಿ ಕಳಿಸಿದ ಡಾರ್ವಿನ್, 1845ರಲ್ಲಿ ಮ್ಯಾಂಚೆಸ್ಟರಿಗೆ ಹೋಗಿ ಭೇಟಿಯೂ ಆದರು. ಅಷ್ಟರಲ್ಲಿ ಹರ್ಬರ್ಟ್ ಅಲ್ಲಿನ ಚರ್ಚಿನ ಡೀನ್ ಆಗಿದ್ದರು. ಮೇಲೆ ಹೇಳಿದ ನಾಲ್ಕು ಹೂಗಳ ಕತೆ ಡಾರ್ವಿನ್ನರ 1859ರ ಪ್ರಸಿದ್ಧ ಪುಸ್ತಕದಲ್ಲೂ ಇದೆ. ಅದನ್ನು ನೋಡಲು ಹರ್ಬರ್ಟ್ ಇರಲಿಲ್ಲ, 1847ರಲ್ಲೇ ತೀರಿಕೊಂಡಿದ್ದರು.

ನನಗೆ ಅವರು ಹೆಚ್ಚು ಹತ್ತಿರವಾದದ್ದು ಡ್ಯಾಫೊಡಿಲ್ ವಿಷಯದಲ್ಲಿ. ಅದೂ ಅಮರಿಲ್ಲಿಸ್ ಕುಟುಂಬದ್ದೇ. ಕಾಡಿನ ಪ್ರಭೇದಗಳೆಂದು ಪುಸ್ತಕಗಳಲ್ಲಿದ್ದ ಕೆಲವು ಡ್ಯಾಫೊಡಿಲ್‌ಗಳು ಬೆರಕೆಗಳೆಂದು, ತಮ್ಮ ತೋಟದಲ್ಲೇ ಅಂಥವನ್ನು ಹುಟ್ಟಿಸಿ ತೋರಿಸಿದರು. ಈ ಕೆಲಸಕ್ಕೆ ದೊಡ್ಡ ತೋಟ ಬೇಕಿಲ್ಲ, ಕಿಟಕಿಯ ಕಟ್ಟೆಯಷ್ಟು ಜಾಗವಿರುವ ಕೂಲಿಕಾರ್ಮಿಕನೂ ಮಾಡಬಹುದು ಎಂದು ಬರೆದರು. ಅರ್ಲ್ ಮನೆತನದ ಮನುಷ್ಯನಿಗೆ ಹೀಗನ್ನಿಸಿದ್ದು ನನಗೆ ಆಶ್ಚರ್ಯ.

ಆದರೆ ಇದೇ ಡ್ಯಾಫೊಡಿಲ್ ಗುಂಪಿನಲ್ಲಿ ಅವರು ಎಡವಿದರು. 17ನೇ ಶತಮಾನದ ಹಳೆಯ ಹೂಚಿತ್ರಗಳಲ್ಲಿ ಒಂದು ಪುಟ್ಟ ಹಳದಿ ಡ್ಯಾಫೊಡಿಲ್ ಇತ್ತು. ರೇಗಿದ ಕುದುರೆಯ ಕಿವಿಯಂತೆ ಎಸಳುಗಳೆಲ್ಲ ಪೂರ್ತಿ ಹಿಂದಕ್ಕೆ ಮಡಚಿಕೊಂಡ ಹೂವು. ಚಿತ್ರದ ಆಧಾರದಲ್ಲೇ ಅದಕ್ಕೆ ನಾರ್ಸಿಸಸ್ ಸೈಕ್ಲಾಮಿನಿಯಸ್ ಎಂಬ ಹೆಸರು ಬಂದಿತ್ತು. ಬೆಳೆಸಿ ನೋಡದೆ ಏನನ್ನೂ ಒಪ್ಪದ ಹರ್ಬರ್ಟ್ ಇದನ್ನು ನಂಬಲಿಲ್ಲ. ಇದು ಅಸಂಬದ್ಧ, ಇಂಥ ಗಿಡ ಎಂದೂ ಸಿಗುವುದಿಲ್ಲ ಎಂದು ತಮ್ಮ ಮಹಾಗ್ರಂಥದಲ್ಲಿ ಬರೆದೇಬಿಟ್ಟರು. ಅನುಮಾನಿಸಿದ್ದು ಸರಿ, ಎಂದೂ ಎಂಬ ಪದವೊಂದು ಬೇಡವಾಗಿತ್ತು ಅನ್ನಿಸುತ್ತದೆ ನನಗೆ.

ಅವರು ತೀರಿಕೊಂಡು 38 ವರ್ಷಗಳಾದ ಮೇಲೆ, 1885ರಲ್ಲಿ, ಪೋರ್ಚುಗಲ್ಲಿನ ಪೋರ್ಟೊ ನಗರದ ಹತ್ತಿರ ಆ ಹೂವು ಸಿಕ್ಕಿತು. ಅಲ್ಲಿ ನೆಲೆಸಿದ್ದ ಆಲ್ಫ್ರೆಡ್ ಟೇಟ್ ಎಂಬ ಇಂಗ್ಲಿಷ್ ವ್ಯಾಪಾರಿ ಅದನ್ನು ಮತ್ತೆ ಬೆಳಕಿಗೆ ತಂದವರಲ್ಲೊಬ್ಬರು. ಎಸಳುಗಳು ಹಳೆಯ ಚಿತ್ರದಲ್ಲಿದ್ದಂತೆಯೇ ಹಿಂದಕ್ಕೆ ಮಡಚಿದ್ದವು. ಗೆಡ್ಡೆಗಳು ಇಂಗ್ಲೆಂಡಿಗೆ ಹೋದವು. ತೋಟಗಾರರು ಅದರ ಪರಾಗ ತೆಗೆದು ಬೇರೆ ಡ್ಯಾಫೊಡಿಲ್‌ಗಳಿಗೆ ಹಚ್ಚಿದರು, ಹರ್ಬರ್ಟ್ ಹೇಳಿಕೊಟ್ಟಿದ್ದ ರೀತಿಯಲ್ಲೇ. ಹಾಗೆ ಹುಟ್ಟಿದ ಕುಳ್ಳ ಡ್ಯಾಫೊಡಿಲ್‌ಗಳು ಇವತ್ತು ಅಲ್ಲಿನ ಮನೆಗಳ ಕಿಟಕಿಯ ಕಟ್ಟೆಗಳ ಮೇಲೆ ಕುಂಡಗಳಲ್ಲಿ ಅರಳುತ್ತವೆ.