ರಿಸಲ್ಟ್ ದಿನ ನೆನಪಾಗದ ಹೆಸರು

ದ್ವಿತೀಯ ಪಿಯುಸಿ ಫಲಿತಾಂಶದ ದಿನ ಹೆಬ್ಬಾಳದ ಬಸ್ ಸ್ಟಾಪ್‌ನಲ್ಲಿ ನಿಂತು, ನಡುಗುವ ಕೈಯಲ್ಲಿ ಕರ್‌ರಿಸಲ್ಟ್ಸ್ ಡಾಟ್ ಎನ್‌ಐಸಿ ಡಾಟ್ ಇನ್ ಎಂದು ಟೈಪ್ ಮಾಡಿದ್ದೆ. ಆ ವಿಳಾಸದ ನಡುವಿನ ಎನ್‌ಐಸಿ ಏನೆಂದು ಆಗ ಯೋಚಿಸಿರಲಿಲ್ಲ. ಬಿಇಯಲ್ಲಿ ಡಿಸ್ಟ್ರಿಬ್ಯೂಟೆಡ್ ನೆಟ್‌ವರ್ಕ್ ಪಾಠ ಓದುವಾಗ ಅದರ ಹಿಂದಿದ್ದ ಡಾ. ಎನ್. ಶೇಷಗಿರಿ ಅವರ ಪರಿಚಯವಾಯಿತು.

1940ರಲ್ಲಿ ಜನಿಸಿದ ಅವರು ಓದಿದ್ದು ನಮ್ಮ ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1976ರಲ್ಲಿ ಶುರುವಾದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್, ಅಂದರೆ ಎನ್‌ಐಸಿಯನ್ನು ಕಟ್ಟಿ ಬೆಳೆಸಿದರು. ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತದೆ ಎಂದು ನೌಕರರು ಹೆದರುತ್ತಿದ್ದ ಕಾಲವದು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫಲಿತಾಂಶಗಳನ್ನು ಅವರ ತಂಡ ಕಂಪ್ಯೂಟರ್‌ನಲ್ಲಿ ನಿಭಾಯಿಸಿ ತೋರಿಸಿತು. 1984ರ ಹೊಸ ಕಂಪ್ಯೂಟರ್ ನೀತಿ ರೂಪಿಸುವುದರಲ್ಲೂ ಅವರ ಪಾತ್ರ ದೊಡ್ಡದು.

ನನಗೆ ಹೆಚ್ಚು ಹಿಡಿಸಿದ್ದು ನಿಕ್‌ನೆಟ್. ದೇಶದ ಲೆಕ್ಕವನ್ನೆಲ್ಲ ದೆಹಲಿಯ ಒಂದೇ ದೊಡ್ಡ ಯಂತ್ರಕ್ಕೆ ತುಂಬುವ ಬದಲು ಜಿಲ್ಲೆ ಜಿಲ್ಲೆಗೂ ಕಂಪ್ಯೂಟರ್ ಕೊಡುವುದು, ಅವನ್ನು ಒಂದಕ್ಕೊಂದು ಜೋಡಿಸುವುದು ಅದರ ಉದ್ದೇಶ. ನಮ್ಮ ಪಾಠದ ಸಾರವೂ ಇದೇ: ಕೆಲಸ ಹಂಚಿಕೆಯಾಗಬೇಕು, ಮಾಹಿತಿ ಹುಟ್ಟಿದಲ್ಲೇ ಅದರ ಲೆಕ್ಕ ನಡೆಯಬೇಕು, ಸಂಪರ್ಕ ಕಡಿದರೂ ಸ್ಥಳೀಯ ಕೆಲಸ ನಿಲ್ಲಬಾರದು. ಆದರೆ ಆಗ ಟ್ರಂಕ್ ಕಾಲ್ ಸಿಗುವುದೇ ಕಷ್ಟವಾಗಿತ್ತು, ಫೋನ್ ತಂತಿಯನ್ನು ನಂಬುವಂತಿರಲಿಲ್ಲ. ಹಾಗಾಗಿ ಜಿಲ್ಲಾ ಕಚೇರಿಗಳಲ್ಲಿ ಪುಟ್ಟ ಡಿಶ್ ಆಂಟೆನಾ ನಿಲ್ಲಿಸಿ ಉಪಗ್ರಹದ ಮೂಲಕ ಜೋಡಿಸಿದರು. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರಲ್ಲಿ. ಅದಕ್ಕೂ ಮೊದಲೇ ಜಿಲ್ಲಾ ಕೇಂದ್ರಗಳಿಗೆ ನಿಕ್‌ನೆಟ್ ತಲುಪಿತ್ತು.

ನಮ್ಮ ರೈತರು ಪಹಣಿ ಪಡೆಯುವ ಭೂಮಿ ಯೋಜನೆಯ ತಂತ್ರಾಂಶ ಸಿದ್ಧವಾದದ್ದೂ ಎನ್‌ಐಸಿಯಲ್ಲೇ. ಶೇಷಗಿರಿ ಅವರಿಗೆ 2005ರಲ್ಲಿ ಪದ್ಮಭೂಷಣ ಸಂದಿತು. 2013ರಲ್ಲಿ ಅವರು ತೀರಿಕೊಂಡರು.

ನಾವೀಗ ಪ್ಲೇಸ್‌ಮೆಂಟ್ ಚಿಂತೆಯಲ್ಲಿದ್ದೇವೆ. ಕ್ಯಾಂಟೀನ್‌ನಲ್ಲಿ ಕೂತರೆ ಪ್ಯಾಕೇಜ್ ಎಷ್ಟು ಲಕ್ಷ ಎಂಬುದೇ ಮಾತು. ಸಂಬಳ ಬೇಕು, ಸುಳ್ಳಲ್ಲ. ಆದರೆ ಕಲಿತ ವಿದ್ಯೆಯನ್ನು ದೂರದ ಜಿಲ್ಲೆಯೊಂದರ ಕಚೇರಿಗೆ ತಲುಪಿಸುವುದೂ ಎಂಜಿನಿಯರ್ ಕೆಲಸವೇ ಎಂದು ಶೇಷಗಿರಿ ಅವರ ಬದುಕು ನನಗೆ ಕಲಿಸಿತು. ಮುಂದಿನ ಸಲ ರಿಸಲ್ಟ್ ನೋಡುವಾಗ ಆ ಮೂರಕ್ಷರದ ಮೇಲೆ ಒಂದು ಕ್ಷಣ ಕಣ್ಣು ನಿಲ್ಲಿಸಿ, ಗೆಳೆಯರೇ.