ಬೇಟೆಯನ್ನು ಒಲ್ಲದ ದೊರೆ, ಅವನ ಬೇಟೆನಾಯಿಗಳು

ಜರ್ಮನಿಯ ಪಾಟ್ಸ್‌ಡ್ಯಾಮ್ ನಗರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾಕ್ಷಿತೋಟದ ನೆತ್ತಿಯ ಮೇಲೆ ಸಾನ್ಸೂಸಿ ಎಂಬ ಪುಟ್ಟ ಅರಮನೆಯಿದೆ. ಅದರ ಅಂಗಳದ ಒಂದು ಬದಿಯಲ್ಲಿ ನೆಲಕ್ಕೆ ಹೊಂದಿಕೊಂಡ ಸಾದಾ ಕಲ್ಲುಚಪ್ಪಡಿಯೊಂದು ಕಾಣಿಸುತ್ತದೆ. ನೋಡಲು ಬಂದವರು ಅದರ ಮೇಲೆ ಆಲೂಗೆಡ್ಡೆಗಳನ್ನಿಟ್ಟು ಹೋಗುತ್ತಾರೆ. ಪ್ರಜೆಗಳು ಆಲೂಗೆಡ್ಡೆ ಬೆಳೆಯಬೇಕೆಂದು 1756ರಲ್ಲಿ ಆಜ್ಞೆ ಹೊರಡಿಸಿದ ದೊರೆಗೆ ಸಲ್ಲುವ ಕಾಣಿಕೆಯದು. ಆ ಚಪ್ಪಡಿಯ ಪಕ್ಕದಲ್ಲೇ ಇನ್ನಷ್ಟು ಚಪ್ಪಡಿಗಳಿವೆ. ಅವುಗಳಡಿಯಲ್ಲಿ ಮಲಗಿರುವುದು ರಾಣಿಯಲ್ಲ, ರಾಜಕುಮಾರರೂ ಅಲ್ಲ, ದೊರೆಯ ನಾಯಿಗಳು.

ಪ್ರಷ್ಯಾದ ಎರಡನೆಯ ಫ್ರೆಡರಿಕ್ ಜನಿಸಿದ್ದು 1712ರ ಜನವರಿ 24ರಂದು, ಬರ್ಲಿನ್ನಿನಲ್ಲಿ. ಇತಿಹಾಸ ಅವನನ್ನು ಮಹಾನ್ ಫ್ರೆಡರಿಕ್ ಎಂದು ಕರೆಯುತ್ತದೆ. ತಂದೆ ಮೊದಲನೆಯ ಫ್ರೆಡರಿಕ್ ವಿಲಿಯಂನಿಗೆ ಪ್ರಿಯವಾಗಿದ್ದವು ಎರಡೇ: ಸೈನ್ಯ ಮತ್ತು ಬೇಟೆ. ಪ್ರತಿ ಶರತ್ಕಾಲದಲ್ಲಿ ಆತ ವುಸ್ಟರ್‌ಹೌಸೆನ್‌ನ ಬೇಟೆಮನೆಗೆ ಸಂಸಾರ ಸಮೇತ ಹೋಗಿ ಬಿಡಾರ ಹೂಡುತ್ತಿದ್ದ. ನಾಯಿಹಿಂಡು ಬೊಗಳುತ್ತ ಜಿಂಕೆಯನ್ನು ಅಟ್ಟುವುದು, ಅದು ದಣಿದು ನಿಂತಾಗ ಕೊಲ್ಲುವುದು, ಸಂಜೆ ತಂಬಾಕಿನ ಹೊಗೆಯ ನಡುವೆ ಒರಟು ಹರಟೆ, ಇವೇ ಅಲ್ಲಿಯ ದಿನಚರಿ. ಮಗನಿಗೆ ಬೇಕಾಗಿದ್ದುದು ಕೊಳಲು ಮತ್ತು ಫ್ರೆಂಚ್ ಪುಸ್ತಕಗಳು. ಬೇಟೆಗೆ ಹೋದರೂ ಆತ ಯಾವುದಾದರೊಂದು ಮರದ ಮರೆ ಹುಡುಕುತ್ತಿದ್ದನಂತೆ. ತಂದೆಗೆ ಇದು ಹೆಣ್ಣಿಗತನವಾಗಿ ಕಂಡಿತು. ಆಸ್ಥಾನದವರ ಎದುರಲ್ಲೇ ಬೈಗುಳ, ಬೆತ್ತದ ಏಟು ಬೀಳುತ್ತಿದ್ದವು.

1730ರಲ್ಲಿ, ಹದಿನೆಂಟರ ಹರೆಯದಲ್ಲಿ, ಫ್ರೆಡರಿಕ್ ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದ. ನೆರವಾದ ಗೆಳೆಯ, ಸೇನಾಧಿಕಾರಿ ಹನ್ಸ್ ಹೆರ್ಮನ್ ಫಾನ್ ಕಾಟ್ಟೆಯ ತಲೆಯನ್ನು ಆ ವರ್ಷದ ನವೆಂಬರ್ 6ರಂದು ಕ್ಯುಸ್ಟ್ರಿನ್ ಕೋಟೆಯಲ್ಲಿ ಕಡಿಸಲಾಯಿತು. ಸೆರೆಯಲ್ಲಿದ್ದ ರಾಜಕುಮಾರನನ್ನು ಕಿಟಕಿಯ ಬಳಿ ನಿಲ್ಲಿಸಿ ನೋಡುವಂತೆ ಮಾಡಿದ್ದು ತಂದೆಯ ಆಜ್ಞೆ. ಮೂರು ವರ್ಷಗಳ ನಂತರ ತಂದೆಯೇ ಆರಿಸಿದ ಎಲಿಜಬೆತ್ ಕ್ರಿಸ್ಟೀನಳೊಡನೆ ಮದುವೆಯಾಯಿತು. ಮಕ್ಕಳಾಗಲಿಲ್ಲ. ದೊರೆಯಾದ ಮೇಲೆ ಆತ ಆಕೆಗೆ ಬರ್ಲಿನ್ನಿನ ಹತ್ತಿರ ಬೇರೆ ಮನೆ ಮಾಡಿಕೊಟ್ಟು ದೂರವೇ ಉಳಿದ. ಗಂಡನ ಬೇಸಿಗೆ ಅರಮನೆಗೆ ಆಕೆಗೆ ಆಹ್ವಾನ ಬರುತ್ತಿರಲಿಲ್ಲ.

1740ರ ಮೇ 31ರಂದು ಫ್ರೆಡರಿಕ್ ಪಟ್ಟಕ್ಕೆ ಬಂದ. ಅದೇ ವರ್ಷ ವೊಲ್ಟೇರನ ನೆರವಿನಿಂದ ಪ್ರಕಟವಾದ ಮೆಕಾವೆಲಿಯ ಖಂಡನೆಯ ಗ್ರಂಥದಲ್ಲಿ ಬೇಟೆಯನ್ನು ಕುರಿತು ದೀರ್ಘವಾದ ಟೀಕೆಯಿದೆ. ಬೇಟೆ ಮೈಗೆ ಕೆಲಸ ಕೊಡುತ್ತದೆ, ಬುದ್ಧಿಯನ್ನು ಬರಿದಾಗಿ ಬಿಡುತ್ತದೆ ಎಂಬುದು ಅದರ ಸಾರ. ಆದರೆ ಬರೆದ ಕೈಯೇ ಆ ಡಿಸೆಂಬರಿನಲ್ಲಿ ಸೈಲೀಷಿಯಾದ ಮೇಲೆ ದಂಡೆತ್ತಿತು. ಪ್ರಾಣಿಯ ಬೆನ್ನಟ್ಟುವುದನ್ನು ಒಲ್ಲದವನು ಸಾವಿರಾರು ಸೈನಿಕರನ್ನು ಸಾವಿಗೆ ನೂಕಬಲ್ಲವನಾಗಿದ್ದ ಎಂಬುದನ್ನು ಮರೆತು ಅವನ ಕಥೆ ಹೇಳಲಾಗದು.

ಇಂತಹವನ ಮನೆ ತುಂಬಿದ್ದು ಬೇಟೆನಾಯಿಗಳು. ಅವನು ಸಾಕಿದ್ದು ಇಟಾಲಿಯನ್ ಗ್ರೇಹೌಂಡ್ ಎಂಬ ತೆಳುಮೈಯ ತಳಿ. ನಮ್ಮ ಮುಧೋಳ ನಾಯಿಯನ್ನು ಕಂಡವರಿಗೆ ಅದರ ರೂಪ ಹೇಳಿಕೊಡಬೇಕಾಗಿಲ್ಲ. ಗಾತ್ರ ಮಾತ್ರ ಬಹಳ ಚಿಕ್ಕದು. ಆಳವಾದ ಎದೆ, ಒಳಸರಿದ ಹೊಟ್ಟೆ, ನೀಳ ಮೂತಿ, ಕಡ್ಡಿಯಂಥ ಕಾಲು. ಈ ಬಗೆಯ ನಾಯಿಗಳು ಮೂಸಿ ಬೇಟೆ ಹುಡುಕುವವಲ್ಲ, ಕಣ್ಣಿನಿಂದ ಕಂಡು ಅಟ್ಟುವವು. ಓಟ ಕೆಲವೇ ಕ್ಷಣಗಳದು. ಮಿಕ್ಕ ಹೊತ್ತೆಲ್ಲ ಮೆತ್ತಗಿನ ಜಾಗ ಹುಡುಕಿ ನಿದ್ದೆ. ಚರ್ಮ ತೆಳು, ಮೈಯಲ್ಲಿ ಕೊಬ್ಬಿಲ್ಲ, ಆದ್ದರಿಂದ ಚಳಿ ತಡೆಯವು. ಏರಿದ ದನಿ ಕೇಳಿದರೆ ಮುದುಡುತ್ತವೆ. ಬೇಟೆನಾಯಿಯೆಂದರೆ ಕ್ರೂರ, ಮನೆಯೊಳಗೆ ಸೇರಿಸಲಾಗದು ಎಂಬ ನಂಬಿಕೆ ಅನೇಕ ಕಡೆ ಇದೆ. ಬ್ರಿಟನ್, ಅಮೆರಿಕಗಳಲ್ಲಿ ಪಂದ್ಯದ ಓಟದಿಂದ ನಿವೃತ್ತವಾದ ದೊಡ್ಡ ಗ್ರೇಹೌಂಡ್‌ಗಳನ್ನು ಇತ್ತೀಚಿನ ದಶಕಗಳಲ್ಲಿ ಮನೆಗೆ ತಂದುಕೊಂಡವರು ಕಂಡದ್ದು ಬೇರೆಯೇ. ಕಣ್ಣೆದುರು ಏನಾದರೂ ಓಡಿದರೆ ಬೆನ್ನಟ್ಟುವ ಗುಣ ಹೋಗುವುದಿಲ್ಲ, ಹಗ್ಗ ಬಿಡುವಾಗ ಎಚ್ಚರ ಬೇಕು. ಮನೆಯೊಳಗೆ ಮಾತ್ರ ಅವುಗಳಷ್ಟು ಸದ್ದಿಲ್ಲದ ಜೀವ ಅಪರೂಪ.

ಪ್ರಷ್ಯಾದ ದೊರೆ ಇದನ್ನು ಹದಿನೆಂಟನೆಯ ಶತಮಾನದಲ್ಲೇ ಅರಿತಿದ್ದ. ಅವನ ನಾಯಿಗಳಿಗೆ ಬೇಟೆಯ ಕೆಲಸವಿರಲಿಲ್ಲ. ರೇಷ್ಮೆ ಹೊದಿಸಿದ ಕುರ್ಚಿಗಳನ್ನು ಅವು ಹರಿದುಹಾಕಿದರೂ ಗದರಿಕೆಯಿಲ್ಲ; ರಾತ್ರಿ ದೊರೆಯ ಹಾಸಿಗೆಯಲ್ಲೇ ಜಾಗ. ಬರ್ಲಿನ್ನಿಗೆ ಹೋಗುವಾಗ ಅವುಗಳಿಗೆ ಪ್ರತ್ಯೇಕ ಸಾರೋಟು. ಒಳ್ಳೆಯ ಆಸನ ನಾಯಿಗಳದು, ಎದುರಿನ ಆಸನ ಸೇವಕನದು. ಸೇವಕ ಅವುಗಳನ್ನು ಏಕವಚನದಲ್ಲಿ ಕರೆಯುವಂತಿರಲಿಲ್ಲ, ತಾವು ಎನ್ನಬೇಕಿತ್ತು ಎಂಬ ಮಾತೂ ಪ್ರಚಲಿತವಿದೆ.

ಅವುಗಳಲ್ಲಿ ಅಚ್ಚುಮೆಚ್ಚಿನದು ಬೀಷ್. ಫ್ರೆಂಚಿನಲ್ಲಿ ಆ ಪದಕ್ಕೆ ಹೆಣ್ಣು ಜಿಂಕೆ ಎಂದರ್ಥ. ಬೇಟೆನಾಯಿಗೆ ಬೇಟೆಯ ಪ್ರಾಣಿಯದೇ ಹೆಸರು! ಬೀಷ್ ಯುದ್ಧಕ್ಕೂ ಜೊತೆಯಲ್ಲಿ ಹೋಗುತ್ತಿತ್ತು. 1745ರ ಸೆಪ್ಟೆಂಬರ್ 30ರಂದು ಬೊಹೀಮಿಯಾದ ಸೋರ್ ಎಂಬಲ್ಲಿ ಕಾಳಗ ನಡೆಯಿತು. ಫ್ರೆಡರಿಕ್ ಗೆದ್ದ. ಆದರೆ ಕಾಳಗ ನಡೆದಿದ್ದಾಗಲೇ ಆಸ್ಟ್ರಿಯಾದ ಕುದುರೆ ಸವಾರರು ಪ್ರಷ್ಯನ್ ಪಾಳೆಯವನ್ನು ಸೂರೆ ಮಾಡಿದ್ದರು. ದೊರೆಯ ಡೇರೆ, ಸಾಮಾನು, ಪುಸ್ತಕ, ಕೊಳಲುಗಳೊಂದಿಗೆ ಬೀಷ್ ಕೂಡ ಹೋಯಿತು. ಸಾಮಾನು ಹೇಗೋ ಒದಗುತ್ತಿತ್ತು, ನಾಯಿ ಒದಗುವುದೆಲ್ಲಿಂದ? ಹೇಳಿ ಕಳುಹಿಸಲಾಯಿತು. ಶತ್ರುಗಳು ಅದನ್ನು ಹಿಂದಿರುಗಿಸಿದರು. ದೊರೆ ಪತ್ರ ಬರೆಯುತ್ತ ಕುಳಿತಿದ್ದಾಗ ಸೇನಾಪತಿಯೊಬ್ಬ ಬಾಗಿಲು ತೆರೆದು ಬೀಷ್‌ನನ್ನು ಸದ್ದಿಲ್ಲದೆ ಒಳಬಿಟ್ಟನೆಂದೂ, ಅದು ಮೇಜಿನ ಮೇಲೆ ಹಾರಿ ಮುಂಗಾಲುಗಳನ್ನು ಕೊರಳಿಗೆ ಹಾಕಿದಾಗ ದೊರೆಯ ಕಣ್ಣು ತುಂಬಿತೆಂದೂ ಕಥೆ ಹೇಳುತ್ತದೆ. ಕಥೆ ಸ್ವಲ್ಪ ಬೆಳೆದಿರಬಹುದು; ನಾಯಿ ಸೆರೆಯಾಗಿ ಮರಳಿದ್ದು ನಿಜ.

ಬೀಷ್ 1752ರಲ್ಲಿ ತೀರಿಕೊಂಡಿತು. ಬಾಲ್ಯದ ಏಟುಗಳಲ್ಲಿ ಪಾಲುಗಾರ್ತಿಯಾಗಿದ್ದ ಅಕ್ಕ ವಿಲ್ಹೆಲ್ಮೀನಳಿಗೆ ಫ್ರೆಡರಿಕ್ ತನ್ನ ದುಃಖವನ್ನು ತೋಡಿಕೊಂಡ. ನಾಯಿಯ ಸಾವು ಇಷ್ಟು ಕಾಡುತ್ತಿರುವುದಕ್ಕೆ ನಾಚಿಕೆಯೂ ಅವನಿಗಿತ್ತು. ಸಾನ್ಸೂಸಿಯ ಅಂಗಳದಲ್ಲಿ ತನಗೆಂದು ಆತ ಆಗಲೇ ಗೋರಿಯೊಂದನ್ನು ಕಟ್ಟಿಸಿದ್ದ. ಆಡಂಬರವಿಲ್ಲದೆ, ರಾತ್ರಿಯ ಹೊತ್ತಿನಲ್ಲಿ ತನ್ನನ್ನು ಅಲ್ಲಿಯೇ ಹೂಳಬೇಕೆಂದು ಅದೇ 1752ರ ಮರಣಶಾಸನದಲ್ಲಿ ಬರೆದಿಟ್ಟ. 1769ರಲ್ಲಿ ಮತ್ತೆ ಬರೆದ. ನಾಯಿಗಳು ಒಂದೊಂದಾಗಿ ಆ ಗೋರಿಯ ಬಳಿಗೆ ಸೇರುತ್ತ ಬಂದವು.

1756ರಿಂದ 1763ರವರೆಗಿನ ಏಳು ವರ್ಷಗಳ ಯುದ್ಧ ಅವನನ್ನು ಒಳಗಿನಿಂದ ಒಣಗಿಸಿತು. 1757ರಲ್ಲಿ ತಾಯಿ, ಮರುವರ್ಷ ವಿಲ್ಹೆಲ್ಮೀನ ತೀರಿಕೊಂಡರು. ಅಕ್ಕ ಸತ್ತ ದಿನವೇ ಹೊಖ್‌ಕಿರ್ಖ್‌ನಲ್ಲಿ ಘೋರ ಸೋಲು. ಲೈಪ್‌ಜಿಗ್‌ನ ಚಳಿಗಾಲದ ಬಿಡಾರದಲ್ಲಿ ಅವನನ್ನು ಕಾಣಲು ಹೋದ ಫ್ರೆಂಚ್ ಗೆಳೆಯ ಮಾರ್ಕಿ ದಾರ್ಜಾನ್ ಕಂಡನೆನ್ನುವ ನೋಟ ಹೀಗಿದೆ: ಯೂರೋಪಿನ ಅರ್ಧವನ್ನು ಎದುರು ಹಾಕಿಕೊಂಡ ದೊರೆ ನೆಲದ ಮೇಲೆ ಕುಳಿತಿದ್ದಾನೆ, ಮುಂದೊಂದು ತಟ್ಟೆ, ಸುತ್ತ ನಾಯಿಗಳು, ಜಗಳವಾಗದಂತೆ ಪುಟ್ಟ ಕೋಲಿನಿಂದ ತಡೆಯುತ್ತ, ಒಳ್ಳೆಯ ತುಂಡನ್ನು ಮೆಚ್ಚಿನ ನಾಯಿಯತ್ತ ಸರಿಸುತ್ತಿದ್ದಾನೆ.

ಯುದ್ಧ ಮುಗಿದಾಗ ಐವತ್ತೊಂದರ ಫ್ರೆಡರಿಕ್ ಮುದುಕನಂತಾಗಿದ್ದ. ರಾಜ್ಯದ ಕೆಲಸವನ್ನು ಮಾತ್ರ ಬಿಡಲಿಲ್ಲ. ಜೌಗು ನೆಲ ಬತ್ತಿಸಿ ಊರು ಕಟ್ಟಿಸಿದ. 1772ರಲ್ಲಿ ಪೋಲೆಂಡನ್ನು ಹಂಚಿಕೊಂಡ ಮೂವರಲ್ಲಿ ಒಬ್ಬನಾದ. ಗೆಳೆಯರು ಸತ್ತರು, ಕೆಲವರು ಅವನ ಚುಚ್ಚುಮಾತು ತಾಳದೆ ದೂರವಾದರು. ನಸ್ಯದ ಕಲೆ ಹತ್ತಿದ ಹಳೆಯ ಅಂಗಿ, ಊರುಗೋಲು, ಹಿಂದೆ ಮುಂದೆ ಎರಡು ಮೂರು ನಾಯಿ, ಇದೇ ಅವನ ಪರಿವಾರ. ಶಿಲ್ಪಿ ಶಾಡೋ ಮುಂದೆ ಕಂಚಿನಲ್ಲಿ ಎರಕ ಹೊಯ್ದದ್ದು ನಾಯಿಗಳ ಜೊತೆಯ ಈ ಫ್ರೆಡರಿಕ್‌ನನ್ನೇ.

1786ರ ಆಗಸ್ಟ್ 16ರ ರಾತ್ರಿ ಸಾನ್ಸೂಸಿಯಲ್ಲಿ ಆತ ಕುರ್ಚಿಗೆ ಒರಗಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಪಕ್ಕದಲ್ಲಿದ್ದ ನಾಯಿ ನಡುಗುವುದನ್ನು ಕಂಡು ಅದಕ್ಕೆ ಹೊದಿಸುವಂತೆ ಹೇಳಿದನೆಂಬುದು ಅವನ ಕೊನೆಯ ಆಜ್ಞೆಗಳಲ್ಲಿ ಒಂದೆಂದು ದಾಖಲಾಗಿದೆ. ನಸುಕಿನ ಎರಡು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಸೇವಕನ ತೋಳಿನಲ್ಲಿ ಪ್ರಾಣ ಹೋಯಿತು.

ಪಟ್ಟಕ್ಕೆ ಬಂದ ಅಣ್ಣನ ಮಗನಲ್ಲ, ತಮ್ಮನ ಮಗ, ಎರಡನೆಯ ಫ್ರೆಡರಿಕ್ ವಿಲಿಯಂ. ದೊರೆಯನ್ನು ನಾಯಿಗಳ ನಡುವೆ ಹೂಳುವುದು ಅವನಿಗೆ ತಕ್ಕದ್ದೆನಿಸಲಿಲ್ಲ. ಪಾಟ್ಸ್‌ಡ್ಯಾಮಿನ ಗ್ಯಾರಿಸನ್ ಚರ್ಚಿನಲ್ಲಿ, ಜೀವಮಾನವಿಡೀ ಯಾರಿಂದ ಬಿಡಿಸಿಕೊಳ್ಳಲು ಬಯಸಿದ್ದನೋ ಆ ತಂದೆಯ ಪಕ್ಕದಲ್ಲೇ ಪೆಟ್ಟಿಗೆ ಇಳಿಯಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ತಂದೆ ಮಗನ ಪೆಟ್ಟಿಗೆಗಳನ್ನು ತುರಿಂಗಿಯಾದ ಉಪ್ಪಿನ ಗಣಿಯೊಂದರಲ್ಲಿ ಬಚ್ಚಿಡಲಾಯಿತು. 1945ರಲ್ಲಿ ಅಮೆರಿಕದ ಸೈನಿಕರು ಅವನ್ನು ಪತ್ತೆ ಮಾಡಿದರು. ಅಲ್ಲಿಂದ ಮಾರ್‌ಬುರ್ಗ್, ಬಳಿಕ ದಕ್ಷಿಣ ಜರ್ಮನಿಯ ಹೊಹೆನ್‌ಜೊಲರ್ನ್ ಕೋಟೆ.

ಜರ್ಮನಿ ಒಂದಾದ ಮರುವರ್ಷ, 1991ರ ಆಗಸ್ಟ್ 17ರಂದು, ಸತ್ತು ಸರಿಯಾಗಿ 205 ವರ್ಷಗಳ ನಂತರ ಫ್ರೆಡರಿಕ್ ಸಾನ್ಸೂಸಿಗೆ ಮರಳಿದ. ಆಡಂಬರ ಬೇಡವೆಂದವನಿಗೆ ಹಗಲಿನಲ್ಲಿ ಸೈನಿಕರ ಕಾವಲು, ಗಣ್ಯರ ಸಾಲು ಎರಡೂ ಇದ್ದವು. ಇದರ ಬಗ್ಗೆ ಆಗ ಚರ್ಚೆಯೂ ನಡೆಯಿತು. ಹೂಳಿದ್ದು ಮಾತ್ರ ರಾತ್ರಿಯಲ್ಲೇ. ತಂದೆಯ ಪೆಟ್ಟಿಗೆಯನ್ನು ಅದೇ ಉದ್ಯಾನದ ಶಾಂತಿ ಚರ್ಚಿನ ಬಳಿಯ ಸಮಾಧಿಭವನದಲ್ಲಿ ಇರಿಸಲಾಯಿತು. ಮಗನ ಪೆಟ್ಟಿಗೆ ದ್ರಾಕ್ಷಿತೋಟದ ಮೇಲಿನ ಅಂಗಳದಲ್ಲಿ, ಆತ ತಾನೇ ಕಟ್ಟಿಸಿದ್ದ ಗೋರಿಗೆ, ನಾಯಿಗಳ ಪಕ್ಕಕ್ಕೆ ಇಳಿಯಿತು.