ಸಮ ಅಳತೆಯ ಫ್ಯಾನಿ ಫಾರ್ಮರ್

ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡಿಗರ ಅಡುಗೆಮನೆಗಳಲ್ಲಿ ಮೂರು ಬಗೆಯ ಅಳತೆಗಳು ಒಟ್ಟಿಗೆ ಬಾಳುತ್ತಿವೆ: ಊರಿನ ನೆನಪಿನ ಪಾವು, ಅಂಗಡಿಯ ಪೊಟ್ಟಣದ ಮೇಲಿನ ಗ್ರಾಂ, ಪಾಕಪುಸ್ತಕಗಳ ಕಪ್. ಇವುಗಳಲ್ಲಿ ಕಪ್ಪಿಗೆ ಶಾಸ್ತ್ರದ ಗೌರವವನ್ನು ತಂದುಕೊಟ್ಟವರಲ್ಲಿ ಅಗ್ರಗಣ್ಯರು ಅಮೆರಿಕದ ಫ್ಯಾನಿ ಮೆರಿಟ್ ಫಾರ್ಮರ್.

ಅವರು 1857ರ ಮಾರ್ಚ್ 23ರಂದು ಬಾಸ್ಟನ್‌ನಲ್ಲಿ ಜನಿಸಿದರು. ತಂದೆ ಮುದ್ರಣವೃತ್ತಿಯವರು. ಹದಿಹರೆಯದಲ್ಲಿ ತಗುಲಿದ ಪಾರ್ಶ್ವವಾಯು (ಅದು ಪೋಲಿಯೋ ಇದ್ದಿರಬಹುದೆಂಬ ಅಭಿಪ್ರಾಯವೂ ಇದೆ) ಅವರ ಕಾಲೇಜು ಶಿಕ್ಷಣದ ಆಸೆಯನ್ನು ಮುರಿಯಿತು. ನಡಿಗೆಯಲ್ಲಿ ಕುಂಟು ಉಳಿಯಿತು. ಮುಂದೆ ಒಂದು ಮನೆಯಲ್ಲಿ ಸಹಾಯಕಿಯಾಗಿ ದುಡಿಯುತ್ತಿದ್ದಾಗ ಅಡುಗೆಯಲ್ಲಿ ಆಸಕ್ತಿ ಕುದುರಿ, ಬಾಸ್ಟನ್ ಪಾಕಶಾಲೆಯನ್ನು ಸೇರಿದರು. 1889ರಲ್ಲಿ ಅಲ್ಲಿ ಉತ್ತೀರ್ಣರಾಗಿ, ಕೆಲವೇ ವರ್ಷಗಳಲ್ಲಿ ಅದರ ಮುಖ್ಯಸ್ಥೆಯಾದರು.

ಆ ಕಾಲದ ಪಾಕವಿಧಾನಗಳಲ್ಲಿ ಮೊಟ್ಟೆಯ ಗಾತ್ರದ ಬೆಣ್ಣೆ, ರಾಶಿಯಾಗಿ ತುಂಬಿದ ಚಮಚ, ಒಂದು ಟೀ ಬಟ್ಟಲು ಎಂಬಂಥ ಸೂಚನೆಗಳೇ ಹೆಚ್ಚು. ಕೈ ಪಳಗಿದವರಿಗೆ ಅಷ್ಟು ಸಾಕು. ಹೊಸಬರಿಗೆ ಅದು ಒಗಟು. ಫಾರ್ಮರ್ ಅವರು 1896ರಲ್ಲಿ ಪ್ರಕಟಿಸಿದ ಬಾಸ್ಟನ್ ಪಾಕಶಾಲೆಯ ಪುಸ್ತಕ ಈ ಒಗಟನ್ನು ಬಿಡಿಸಿತು. ಕಪ್ಪನ್ನಾಗಲಿ ಚಮಚವನ್ನಾಗಲಿ ತುಂಬಿ, ಚಾಕುವಿನಿಂದ ಅಂಚಿಗೆ ಸಮನಾಗಿ ಸವರಬೇಕು. ಹಿಟ್ಟನ್ನು ಮೊದಲು ಜರಡಿ ಹಿಡಿಯಬೇಕು. ಪ್ರಕಾಶಕರಿಗೆ ಪುಸ್ತಕದಲ್ಲಿ ನಂಬಿಕೆಯಿರಲಿಲ್ಲವಾಗಿ, ಮೊದಲ 3,000 ಪ್ರತಿಗಳ ಖರ್ಚನ್ನು ಲೇಖಕಿಯೇ ಭರಿಸಿದರು. ಹಕ್ಕುಗಳನ್ನೂ ತಾವೇ ಉಳಿಸಿಕೊಂಡದ್ದು ಅವರ ಜಾಣತನ. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಆದರೆ ಅಳತೆಯ ಶಿಸ್ತು ಅವರೊಬ್ಬರದೇ ಸೃಷ್ಟಿಯಲ್ಲ. ಅದೇ ಶಾಲೆಯ ಮೇರಿ ಲಿಂಕನ್ 1884ರ ತಮ್ಮ ಪುಸ್ತಕದಲ್ಲಿ ಆ ದಾರಿಯನ್ನು ಆಗಲೇ ತುಳಿದಿದ್ದರು. ಹೆಸರು ಮಾತ್ರ ಫಾರ್ಮರ್ ಅವರಿಗೆ ಬಂತು.

ತಕ್ಕಡಿಯನ್ನು ಅವರು ಮರೆತಿರಲಿಲ್ಲ. ಅವರ ಪುಸ್ತಕದ ಪಟ್ಟಿಯ ಪ್ರಕಾರ ಎರಡು ಕಪ್ ಸಕ್ಕರೆ ಒಂದು ಪೌಂಡ್. ಹಿಟ್ಟಾದರೆ ನಾಲ್ಕು ಕಪ್. ಪೌಂಡಿಗೆ ಸುಮಾರು 454 ಗ್ರಾಂ ಆದ್ದರಿಂದ ಒಂದು ಕಪ್ ಸಕ್ಕರೆ 227 ಗ್ರಾಂ, ಹಿಟ್ಟು ಕೇವಲ 113 ಗ್ರಾಂ. ಒಂದು ಪಾವು ಅಕ್ಕಿಯೂ ಒಂದು ಪಾವು ಅವಲಕ್ಕಿಯೂ ಸಮತೂಕವಲ್ಲವೆಂದು ಬಲ್ಲ ನಮಗೆ ಇದು ಅಚ್ಚರಿಯಲ್ಲ.

ಆಸ್ಟ್ರೇಲಿಯಕ್ಕೆ ಬಂದಾಗ ಈ ಲೆಕ್ಕ ಜಾರುತ್ತದೆ. ಬ್ರಿಟಿಷ್ ಪರಂಪರೆಯ ಪೌಂಡ್, ಔನ್ಸ್‌ಗಳನ್ನು ಬಳಸುತ್ತಿದ್ದ ಈ ದೇಶ 1970ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಹೊರಳಿತು. ಇಲ್ಲಿನ ಕಪ್ 250 ಮಿಲಿಲೀಟರ್. ಅಮೆರಿಕದ್ದು ಸುಮಾರು 237. ಇಲ್ಲಿನ ದೊಡ್ಡ ಚಮಚ 20 ಮಿಲಿಲೀಟರ್, ಅಂದರೆ ನಾಲ್ಕು ಟೀ ಚಮಚ, ಅಲ್ಲಿ ಮೂರೇ. ಆಸ್ಟ್ರೇಲಿಯದ ಪಾಕಪುಸ್ತಕಗಳು ಸಾಮಾನ್ಯವಾಗಿ ಒಂದು ಕಪ್ ಮೈದಾಕ್ಕೆ 150 ಗ್ರಾಂ ಎಣಿಸುತ್ತವೆ. ಫಾರ್ಮರ್ ಅವರ 113ಕ್ಕೂ ಇದಕ್ಕೂ ಇರುವ ಅಂತರವನ್ನು ಕಪ್ಪಿನ ಗಾತ್ರವೊಂದೇ ವಿವರಿಸದು. ಅದರಿಂದ ಆರೇಳು ಗ್ರಾಂ ಹೆಚ್ಚೀತು, ಅಷ್ಟೆ. ಉಳಿದದ್ದಕ್ಕೆ ಹೆಚ್ಚಾಗಿ ಜರಡಿಯೇ ಕಾರಣ. ಜರಡಿ ಹಿಡಿದ ಹಿಟ್ಟಿನಲ್ಲಿ ಗಾಳಿ ಹೆಚ್ಚು. ಡಬ್ಬಿಯಿಂದ ನೇರ ತೋಡಿದ ಹಿಟ್ಟು ಒತ್ತಾಗಿರುತ್ತದೆ. ಹಳೆಯ ಅಮೆರಿಕನ್ ವಿಧಾನದ ಕೇಕನ್ನು ಮೆಲ್ಬರ್ನ್‌ನ ಕಪ್ಪಿನಲ್ಲಿ ಅಳೆದು ಮಾಡಿದರೆ ಗಟ್ಟಿಯಾಗುವುದು ಇದರಿಂದಲೇ. ಅಂಚು ಸವರುವುದರಿಂದ ಕೈಯ ವ್ಯತ್ಯಾಸ ತಗ್ಗೀತೇ ಹೊರತು ಹಿಟ್ಟಿನ ಒತ್ತಡ ತಗ್ಗದು. ಅಲ್ಲಿ ತಕ್ಕಡಿಯೇ ಮೇಲು.

1902ರಲ್ಲಿ ಅವರು ಸ್ವಂತ ಪಾಕಶಾಲೆಯನ್ನು ತೆರೆದರು. 1904ರಲ್ಲಿ ರೋಗಿಗಳ ಆಹಾರವನ್ನು ಕುರಿತ ಪುಸ್ತಕ ಹೊರಬಂತು. ಅದರಲ್ಲಿ ಮಧುಮೇಹಕ್ಕೊಂದು ಅಧ್ಯಾಯವೂ ಇದೆ. ಇನ್ಸುಲಿನ್ ಇನ್ನೂ ದೊರೆಯದ ಆ ದಿನಗಳಲ್ಲಿ ಅಳೆದ ಆಹಾರವೇ ಆ ರೋಗಿಗಳಿಗೆ ಮುಖ್ಯ ಆಸರೆಯಾಗಿತ್ತು. ತಮ್ಮ ಎಲ್ಲ ಕೃತಿಗಳಲ್ಲಿ ಅವರು ಹೆಚ್ಚು ಮೆಚ್ಚಿದ್ದು ಇದನ್ನೇ ಎನ್ನುತ್ತಾರೆ. ಹಾರ್ವರ್ಡ್ ವೈದ್ಯಶಾಲೆಯಲ್ಲಿಯೂ ಅವರು ಈ ವಿಷಯವಾಗಿ ಉಪನ್ಯಾಸವಿತ್ತರು.

ಕೊನೆಯ ವರ್ಷಗಳಲ್ಲಿ ಕಾಲುಗಳು ಮತ್ತೆ ಸೋತಾಗ ಗಾಲಿಕುರ್ಚಿಯಲ್ಲಿ ಕುಳಿತೇ ಪಾಠ ಹೇಳುತ್ತಿದ್ದರು. 1915ರ ಜನವರಿಯಲ್ಲಿ ತೀರಿಕೊಳ್ಳುವುದಕ್ಕೆ ಸುಮಾರು ಹತ್ತು ದಿನ ಮೊದಲೂ ಒಂದು ಉಪನ್ಯಾಸ ನೀಡಿದ್ದರು.